ನಾಯಿಯೋ ಬೆಕ್ಕೋ? ಮೊದಲು ಮನೆಯ ಗಡಿಯಾರ ನೋಡಿ

ಪ್ರಶ್ನೆ: ನಾನು, ನನ್ನ ಪತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಬೆಳಿಗ್ಗೆ ಎಂಟೂವರೆಗೆ ಹೊರಟರೆ ಮರಳುವುದು ಸಂಜೆ ಆರರ ನಂತರ. ಹಗಲಿನಲ್ಲಿ ಅತ್ತೆ ಮನೆಯಲ್ಲಿರುತ್ತಾರೆ. ಅವರಿಗೆ 72 ವರ್ಷ, ಮಂಡಿನೋವಿನಿಂದ ಕೋಲು ಹಿಡಿದು ನಡೆಯುತ್ತಾರೆ. ಒಂಬತ್ತು ವರ್ಷದ ಮಗಳು ನಾಯಿಮರಿ ಬೇಕೆಂದು ಒಂದು ವರ್ಷದಿಂದ ಹಟ ಹಿಡಿದಿದ್ದಾಳೆ. ‘ನಾಯಿಯಾದರೆ ನೂರೆಂಟು ಕೆಲಸ, ಬೆಕ್ಕಾದರೆ ತನ್ನ ಪಾಡಿಗೆ ತಾನಿರುತ್ತದೆ’ ಎನ್ನುವುದು ಪತಿಯ ವಾದ. ನಮ್ಮದು ಮೂರನೆಯ ಮಹಡಿಯ ಮನೆ. ಮಗಳಿಗೆ ಧೂಳು ತಾಗಿದರೆ ಸೀನು ಬರುತ್ತದೆ. ನಾವು ಯಾವುದನ್ನು ಸಾಕಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ತನ್ನ ಪಾಡಿಗೆ ತಾನಿರುತ್ತದೆ’ ಎಂಬ ಮಾತು. ಇಪ್ಪತ್ತು ವರ್ಷ ದಾಟಿದ ಪಶುವೈದ್ಯ ವೃತ್ತಿಯಲ್ಲಿ ಈ ಮಾತನ್ನು ಎರಡು ಸಂದರ್ಭಗಳಲ್ಲಿ ಕೇಳುತ್ತ ಬಂದಿದ್ದೇನೆ. ಬೆಕ್ಕನ್ನು ತರುವ ಮೊದಲು, ನಗುನಗುತ್ತ. ಆಮೇಲೆ ಅದೇ ಬೆಕ್ಕು ನನ್ನ ಮೇಜಿನ ಮೇಲೆ ನಿತ್ರಾಣವಾಗಿ ಮಲಗಿರುವಾಗ, ಕಣ್ಣೊರೆಸಿಕೊಳ್ಳುತ್ತ: ‘ಗೊತ್ತೇ ಆಗಲಿಲ್ಲ ಡಾಕ್ಟರೇ, ಅದು ತನ್ನ ಪಾಡಿಗೆ ತಾನಿತ್ತು.’ ಒಂದು ಗಂಡು ಬೆಕ್ಕು ಮೂತ್ರ ಕಟ್ಟಿಕೊಂಡು ಎರಡು ದಿನ ಸೋಫಾದ ಅಡಿಯಲ್ಲಿ ಮುದುಡಿ ಕುಳಿತಿತ್ತು. ಮನೆಯವರ ಕಣ್ಣಿಗೆ ಅದು ನಿದ್ದೆ ಮಾಡುತ್ತಿರುವಂತೆ ಕಂಡಿತ್ತು. ಅದನ್ನು ಉಳಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಪ್ರೀತಿಯಿಲ್ಲದ ಮನೆಯಲ್ಲ ಅದು. ಬೆಕ್ಕನ್ನು ಕೆಲಸ ಕಡಿಮೆಯಿರುವ ನಾಯಿ ಎಂದುಕೊಂಡು ತಂದ ಮನೆ.

ನನ್ನ ಒಲವನ್ನು ಈಗಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಗೆ, ನಿಮ್ಮ ಈಗಿನ ದಿನಚರಿಗೆ ಬೆಳೆದ ಬೆಕ್ಕೊಂದು ಹೊಂದುತ್ತದೆ, ನಾಯಿಮರಿ ಹೊಂದುವುದಿಲ್ಲ. ಆದರೆ ಅದಕ್ಕೆ ಕಾರಣ ನಿಮ್ಮ ಪತಿ ಹೇಳಿದ್ದಲ್ಲ. ಅಲ್ಲದೆ, ಬೆಕ್ಕು ಒಳಗೆ ಬರುವ ಮೊದಲು ಮಗಳ ಸೀನು ಮತ್ತು ಬಾಲ್ಕನಿ, ಈ ಎರಡು ವಿಷಯಗಳು ಇತ್ಯರ್ಥವಾಗಬೇಕು.

ಎರಡೂ ಪ್ರಾಣಿಗಳು ಮನುಷ್ಯನ ಬಳಿಗೆ ಬಂದ ದಾರಿಯೇ ಬೇರೆ ಬೇರೆ. ತೋಳದ ವಂಶದ ನಾಯಿ ನಮ್ಮ ಜತೆಗೂಡಿದ್ದು ಬೇಸಾಯ ಹುಟ್ಟುವುದಕ್ಕೂ ಮೊದಲು, ಸುಮಾರು 15,000 ವರ್ಷಗಳ ಹಿಂದೆಯೋ ಅದಕ್ಕೂ ಮುಂಚೆಯೋ. ಜರ್ಮನಿಯ ಬಾನ್ ನಗರದ ಓಬರ್‌ಕಾಸೆಲ್‌ನಲ್ಲಿ 1914ರಲ್ಲಿ ಸಿಕ್ಕ ಒಂದು ಸಮಾಧಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸಿನ ಜತೆಗೆ ಎಳೆಯ ನಾಯಿಯೊಂದರ ಮೂಳೆಗಳೂ ಇದ್ದವು. ಸುಮಾರು 14,000 ವರ್ಷ ಹಳೆಯವು. ಆ ನಾಯಿಯ ಹಲ್ಲುಗಳಲ್ಲಿ ಡಿಸ್ಟೆಂಪರ್ ಎಂಬ ಮಾರಕ ವೈರಾಣು ಕಾಯಿಲೆಯ ಗುರುತುಗಳು ಕಾಣುತ್ತವೆ. ಯಾರೋ ವಾರಗಟ್ಟಲೆ ಆರೈಕೆ ಮಾಡದೆ ಅಷ್ಟು ದಿನ ಅದು ಬದುಕಿರಲು ಸಾಧ್ಯವಿರಲಿಲ್ಲ ಎಂಬುದು ಸಂಶೋಧಕರ ತೀರ್ಮಾನ. ಬೇಟೆಗೆ ಬಾರದ, ಕಾವಲಿಗೂ ಆಗದ ರೋಗಿ ಮರಿಯನ್ನು ಆ ಜನ ಬಿಟ್ಟುಕೊಡಲಿಲ್ಲ. ನನ್ನ ವೃತ್ತಿಯ ಮೊದಲ ಅಧ್ಯಾಯ ಅಲ್ಲಿದೆ ಎಂದು ನಾನು ನಂಬುತ್ತೇನೆ.

ಬೆಕ್ಕು ಬಂದದ್ದು ತುಂಬ ತಡವಾಗಿ. ಪಶ್ಚಿಮ ಏಷ್ಯಾದಲ್ಲಿ ಮನುಷ್ಯ ಧಾನ್ಯ ಬೆಳೆದು ಕೂಡಿಟ್ಟ. ಕಣಜಕ್ಕೆ ಇಲಿ ಬಂತು, ಇಲಿಯ ಹಿಂದೆ ಕಾಡುಬೆಕ್ಕು ಬಂತು. ಲೋಕದ ಎಲ್ಲ ಮನೆಬೆಕ್ಕುಗಳ ಮೂಲ ಆ ಭಾಗದ ಕಾಡುಬೆಕ್ಕುಗಳಲ್ಲಿದೆ ಎಂದು 2007ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ತೋರಿಸಿತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಮಗ್ಗುಲಲ್ಲೇ ಹೂಳಲಾಗಿದ್ದ ಬೆಕ್ಕೊಂದರ ಸಮಾಧಿ ಸುಮಾರು 9,500 ವರ್ಷ ಹಳೆಯದು. ನಾಯಿ ಹಿಂಡಿನ ಪ್ರಾಣಿ, ನಮ್ಮನ್ನೇ ತನ್ನ ಹಿಂಡು ಮಾಡಿಕೊಂಡಿತು. ಬೆಕ್ಕು ಒಂಟಿಯಾಗಿ ಬೇಟೆಯಾಡುವ ಪ್ರಾಣಿ, ಅದಕ್ಕೆ ನೆಮ್ಮದಿ ಕೊಡುವುದು ತನ್ನದೆನಿಸಿದ ಜಾಗ. ನಾಯಿ ಮನೆಯವರನ್ನು ನಂಬುತ್ತದೆ, ಬೆಕ್ಕು ಮನೆಯನ್ನು ನಂಬುತ್ತದೆ ಎಂದು ಹಿರಿಯರು ಹೇಳುವುದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧಕ್ಕೆ ಆಮೇಲೆ ಬರುತ್ತೇನೆ.

ಈಗ ನಿಮ್ಮ ಗಡಿಯಾರ ನೋಡೋಣ. ಎಂಟೂವರೆಯಿಂದ ಆರು ಎಂದರೆ ಒಂಬತ್ತೂವರೆ ಗಂಟೆ. ಎರಡು ತಿಂಗಳ ನಾಯಿಮರಿ ಮೂತ್ರ ತಡೆದುಕೊಳ್ಳಬಲ್ಲದ್ದು ಹೆಚ್ಚೆಂದರೆ ಎರಡು ಮೂರು ಗಂಟೆ. ಎದ್ದ ಕೂಡಲೇ, ತಿಂದ ಕೂಡಲೇ, ಆಡಿ ಮುಗಿಸಿದ ಕೂಡಲೇ ಅದನ್ನು ಹೊರಗೆ ಕರೆದೊಯ್ಯಬೇಕು. ನಿಮ್ಮ ಮನೆಯಲ್ಲಿ ಆ ಕೆಲಸ ಯಾರ ಪಾಲಿಗೆ ಬರುತ್ತದೆ? ಮೂರು ಮಹಡಿ ಇಳಿದು ಹತ್ತಬೇಕಾದ ನಿಮ್ಮ ಅತ್ತೆಯವರ ಪಾಲಿಗೆ. ಪತ್ರದಲ್ಲಿ ಅವರ ಅಭಿಪ್ರಾಯ ಏನೆಂದು ನೀವು ಬರೆದಿಲ್ಲ. ಹಗಲೆಲ್ಲ ಆ ಪ್ರಾಣಿಯ ಜತೆ ಇರುವವರು ಅವರು. ಮೊದಲು ಕೇಳಬೇಕಾದದ್ದು ಅವರನ್ನೇ. ಹಲ್ಲು ಮೂಡುವ ಮರಿ ಸೆರಗು, ಕೋಲು, ಕಾಲು ಎಲ್ಲವನ್ನೂ ಕಚ್ಚಿ ಎಳೆಯುತ್ತದೆ. ಬೆಳೆದ ನಾಯಿ ಹಗ್ಗ ಜಗ್ಗಿದಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಹಿರಿಯರನ್ನು ನಾನು ಕಂಡಿದ್ದೇನೆ. ಕೋಲು ಹಿಡಿದು ನಡೆಯುವವರಿರುವ ಮನೆಗೆ ನಾಯಿಮರಿ ಬೇಡ ಎನ್ನಲು ನನಗೆ ಈ ಒಂದು ಕಾರಣವೇ ಸಾಕು.

ಬೆಳೆದ ನಾಯಿಗೂ ದಿನವಿಡೀ ಒಂಟಿತನ ಒಗ್ಗುವುದಿಲ್ಲ. ನಾಲ್ಕೈದು ಗಂಟೆ ನಿಧಾನವಾಗಿ ರೂಢಿಯಾಗುತ್ತದೆ. ಅದನ್ನು ಮೀರಿದರೆ ಹಲವು ನಾಯಿಗಳು ಊಳಿಡುತ್ತವೆ, ಬಾಗಿಲು ಕೆರೆಯುತ್ತವೆ, ಪಂಜ ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತವೆ. ಜನ ಅದನ್ನು ಸೇಡು ಎಂದುಕೊಂಡು ಹೊಡೆಯುತ್ತಾರೆ. ದಯವಿಟ್ಟು ಯಾರೂ ಹೊಡೆಯಬೇಡಿ, ಅದು ಸೇಡಲ್ಲ, ದಿಗಿಲು. ಎರಡು ಹೊತ್ತು ನಡಿಗೆಯೂ ಬೇಕು, ಮಳೆಯಿರಲಿ, ನಿಮಗೆ ಜ್ವರವಿರಲಿ. ಮೂಸುವುದು ನಾಯಿಗೆ ಓದಿನಂತೆ. ಪ್ರತಿ ಕಂಬದ ಬಳಿಯೂ ನಿಂತು ಓದಲು ಬಿಡಬೇಕು. ‘ಬಾ ಬೇಗ’ ಎಂದು ಎಳೆದುಕೊಂಡು ಹೋದರೆ ಕಾಲಿಗೆ ವ್ಯಾಯಾಮವಾದೀತು, ಮನಸ್ಸಿಗೆ ಏನೂ ಸಿಗದು.

ಇದೆಲ್ಲವನ್ನೂ ಕೊಡಬಲ್ಲವರಿಗೆ ನಾಯಿ ಮರಳಿ ಕೊಡುವುದು ಬಹಳ ದೊಡ್ಡದು. ನಾಯಿ ಮತ್ತು ಒಡೆಯ ಒಬ್ಬರನ್ನೊಬ್ಬರು ದಿಟ್ಟಿಸಿ ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಏರುತ್ತದೆ ಎಂದು ಜಪಾನಿನ ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ತಾಯಿ ಮತ್ತು ಮಗುವಿನ ನಡುವೆ ಕೆಲಸ ಮಾಡುವ ಹಾರ್ಮೋನು ಅದು. ನನ್ನ ಮನೆಯಲ್ಲಿ ಹದಿಮೂರು ವರ್ಷ ನಾಯಿಯಿತ್ತು. ಅದು ಹೋಗಿ ಎಷ್ಟೋ ಕಾಲವಾಗಿದ್ದರೂ ಬಾಗಿಲ ಚಿಲಕ ತೆಗೆಯುವಾಗ ಒಳಗಿನ ಸದ್ದಿಗಾಗಿ ನನ್ನ ಕಿವಿ ಇನ್ನೂ ಕಾಯುತ್ತದೆ. ಹಾಗಾಗಿ ನಾಯಿ ಬೇಡ ಎಂದು ನಿಮಗೆ ಹೇಳುವುದು ನನಗೆ ಸುಲಭವಲ್ಲ.

ಬಿಟ್ಟುಹೋದ ಅರ್ಧ ಸತ್ಯಕ್ಕೆ ಬರುತ್ತೇನೆ. ಬೆಕ್ಕಿಗೆ ಮನುಷ್ಯರ ಮೇಲೆ ಅಕ್ಕರೆಯಿಲ್ಲ ಎನ್ನುವುದು ಸುಳ್ಳು. ಅಮೆರಿಕದ ಆರೆಗನ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೆಕ್ಕಿನ ಮರಿಗಳನ್ನು ಹೊಸ ಕೋಣೆಯಲ್ಲಿ ಸಾಕಿದವರ ಜತೆ ಬಿಟ್ಟು, ಸ್ವಲ್ಪ ಹೊತ್ತು ಒಂಟಿಯಾಗಿಸಿ, ಮತ್ತೆ ಅವರನ್ನು ಒಳಗೆ ಕಳಿಸಿ ನೋಡಿದರು. ಮೂರರಲ್ಲಿ ಸುಮಾರು ಎರಡು ಪಾಲು ಮರಿಗಳು ಸಾಕಿದವರನ್ನು ಕಂಡು ಸಮಾಧಾನಗೊಂಡು ಕೋಣೆಯನ್ನು ಸುತ್ತತೊಡಗಿದವು. ಆಸರೆ ಸಿಕ್ಕ ಮಗುವಿನ ವರ್ತನೆಯೇ ಅದು. ಒಡೆಯರ ದನಿಯನ್ನು ಬೆಕ್ಕುಗಳು ಅಪರಿಚಿತರ ದನಿಯಿಂದ ಬೇರೆಯಾಗಿ ಗುರುತಿಸುತ್ತವೆ ಎಂದು ಜಪಾನಿನ ಇನ್ನೊಂದು ಅಧ್ಯಯನ 2013ರಲ್ಲಿ ತಿಳಿಸಿತು. ಗುರುತಿಸಿ ಕಿವಿ ಹೊರಳಿಸುತ್ತವೆ, ತಲೆ ತಿರುಗಿಸುತ್ತವೆ. ಎದ್ದು ಬರುವುದು ಮಾತ್ರ ಅಪರೂಪ. ಕರೆದಾಗ ಬರಲೆಂದು ಸಾವಿರಾರು ವರ್ಷ ಆರಿಸಿ ಬೆಳೆಸಿದ್ದು ನಾಯಿಯನ್ನು. ಬೆಕ್ಕನ್ನು ಹಾಗೆ ಯಾರೂ ಬೆಳೆಸಲಿಲ್ಲ. ಬಾಲ ನೆಟ್ಟಗೆ ಎತ್ತಿ ನಿಮ್ಮತ್ತ ನಡೆದು ಬರುವುದು, ಕೆನ್ನೆಯನ್ನು ನಿಮ್ಮ ಕಾಲಿಗೆ ಉಜ್ಜುವುದು, ಕಣ್ಣನ್ನು ನಿಧಾನವಾಗಿ ಅರೆಮುಚ್ಚಿ ತೆರೆಯುವುದು ಅದರ ಮಾತು. ನಾಯಿಯ ಭಾಷೆ ಯಾರಿಗೂ ತಿಳಿಯುತ್ತದೆ, ಬೆಕ್ಕಿನ ಭಾಷೆಯನ್ನು ಕುಳಿತು ಕಲಿಯಬೇಕು.

ಹೀಗಾಗಿ ಬೆಕ್ಕು ನಿಮ್ಮಿಂದ ಗಂಟೆಗಳನ್ನು ಕಡಿಮೆ ಕೇಳುತ್ತದೆ, ಗಮನವನ್ನು ಹೆಚ್ಚು ಕೇಳುತ್ತದೆ. ದಿನದಲ್ಲಿ 12ರಿಂದ 16 ಗಂಟೆ ಅದು ಮಲಗಿಯೇ ಇರುವುದರಿಂದ ನಿಮ್ಮ ಕಚೇರಿಯ ಹೊತ್ತು ಅದಕ್ಕೆ ಭಾರವಲ್ಲ. ಅದು ಚುರುಕಾಗುವುದು ಮುಂಜಾವಿನಲ್ಲಿ ಮತ್ತು ಮುಸ್ಸಂಜೆಯಲ್ಲಿ, ನೀವು ಮನೆಯಲ್ಲಿರುವ ಹೊತ್ತಿಗೆ. ನಸುಕಿನ ನಾಲ್ಕೂವರೆಗೆ ಮುಖದ ಮೇಲೆ ಪಂಜ ಬಿದ್ದೀತು, ಅದಕ್ಕೂ ಸಿದ್ಧರಿರಿ. ಸಂಜೆ ದಾರಕ್ಕೆ ಗರಿ ಕಟ್ಟಿ ಕಾಲು ಗಂಟೆ ಓಡಿಸಿ, ಹಿಡಿಯಲು ಬಿಟ್ಟು, ಕೂಡಲೇ ಊಟ ಕೊಟ್ಟರೆ ಬೇಟೆ, ಊಟ, ನಿದ್ದೆ ಎಂಬ ಅದರ ಸಹಜ ಸರಣಿ ಪೂರ್ತಿಯಾಗುತ್ತದೆ. ಆಮೇಲೆ ನಿಮ್ಮ ನಿದ್ದೆಗೂ ಭಂಗ ಕಡಿಮೆ. ಆಟವಾದ ಮೇಲೆ ದಾರವನ್ನು ಎತ್ತಿಡಿ. ನುಂಗಿದರೆ ಕರುಳನ್ನು ಕೊಯ್ದುಬಿಡುತ್ತದೆ.

ಮಲವಿಸರ್ಜನೆಯ ತಟ್ಟೆಯ ಬಗ್ಗೆ ಜನ ಜಿಪುಣತನ ಮಾಡುತ್ತಾರೆ. ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು ತಟ್ಟೆ ಇಡುವುದು ನಮ್ಮ ವೃತ್ತಿಯಲ್ಲಿ ಒಪ್ಪಿಕೊಂಡ ಲೆಕ್ಕ. ಒಂದು ಬೆಕ್ಕಿಗೆ ಎರಡು, ಬೇರೆ ಬೇರೆ ಜಾಗದಲ್ಲಿ, ಊಟದ ಬಟ್ಟಲಿನಿಂದ ದೂರ, ದಿನವೂ ಶುಚಿ. ‘ಬೆಕ್ಕು ಹಾಸಿಗೆಯಲ್ಲಿ ಮೂತ್ರ ಮಾಡುತ್ತದೆ’ ಎಂಬ ದೂರಿನೊಂದಿಗೆ ಬರುವವರನ್ನು ನಾನು ಮೊದಲು ಕೇಳುವುದೇ ತಟ್ಟೆಯ ವಿಷಯ. ಅದು ಸರಿಯಾಗಿದ್ದರೆ ಮೂತ್ರಕೋಶದ ಪರೀಕ್ಷೆ. ಉಗುರು ಕೆರೆಯಲು ಗಟ್ಟಿಯಾದ ಒರಟು ಕಂಬ, ಹತ್ತಿ ಕೂರಲು ಎತ್ತರದ ಜಾಗ, ಅಡಗಲು ಒಂದು ಪೆಟ್ಟಿಗೆ, ಇಷ್ಟೂ ಬೇಕು. ಸೋಫಾ ಉಳಿಸಿಕೊಳ್ಳಲು ಉಗುರು ತೆಗೆಸುವ ವಿಚಾರ ಯಾರಾದರೂ ಎತ್ತಿದರೆ ಕಿವಿಗೊಡಬೇಡಿ. ಅದು ಬೆರಳಿನ ಕೊನೆಯ ಗೆಣ್ಣನ್ನೇ ಕತ್ತರಿಸುವ ಶಸ್ತ್ರಚಿಕಿತ್ಸೆ, ಹಲವು ದೇಶಗಳಲ್ಲಿ ನಿಷಿದ್ಧ.

ಊಟದ ವಿಷಯದಲ್ಲಿ ಇವೆರಡರ ದೇಹ ಬೇರೆ ಬೇರೆ. ನಮ್ಮ ಜತೆ ಉಂಡುಂಡು ನಾಯಿಗೆ ಪಿಷ್ಟ ಅರಗಿಸುವ ಶಕ್ತಿ ತೋಳಕ್ಕಿಂತ ಹೆಚ್ಚಾಗಿದೆ; ಹದವರಿತು ಕೊಟ್ಟರೆ ಅನ್ನ, ಕಾಳು, ತರಕಾರಿ ಅದಕ್ಕೆ ಸಲ್ಲುತ್ತವೆ. ಬೆಕ್ಕು ಮಾಂಸವಿಲ್ಲದೆ ಬದುಕುವ ಪ್ರಾಣಿಯಲ್ಲ. ಟಾರಿನ್ ಎಂಬ ಪೋಷಕಾಂಶವನ್ನು ತನಗೆ ಸಾಕಾಗುವಷ್ಟು ತಯಾರಿಸಿಕೊಳ್ಳಲು ಅದರ ದೇಹಕ್ಕೆ ಬರುವುದಿಲ್ಲ. ಅದರ ಕೊರತೆಯಾದರೆ ಕಣ್ಣಿನ ಅಕ್ಷಿಪಟಲ ಸವೆಯುತ್ತದೆ, ಹೃದಯದ ಸ್ನಾಯು ಸಡಿಲವಾಗುತ್ತದೆ. ಟಾರಿನ್ ಕೊರತೆಗೂ ಬೆಕ್ಕಿನ ಹೃದಯರೋಗಕ್ಕೂ ಇರುವ ನಂಟು ಗೊತ್ತಾದದ್ದು 1987ರಲ್ಲಿ, ಆಮೇಲೆಯೇ ಬೆಕ್ಕಿನ ಸಿದ್ಧ ಆಹಾರಗಳಲ್ಲಿ ಅದರ ಪ್ರಮಾಣ ಹೆಚ್ಚಿತು. ಆದ್ದರಿಂದ ನಾಯಿಯ ಆಹಾರವನ್ನು ಬೆಕ್ಕಿಗೆ ಹಾಕಿ ದಿನ ದೂಡಬಾರದು. ನಿಮ್ಮ ಮನೆಯಲ್ಲಿ ಮಾಂಸ ಒಪ್ಪಿಗೆಯಿಲ್ಲದಿದ್ದರೆ ಬೆಕ್ಕಿನ ವಿಚಾರವನ್ನೇ ಕೈಬಿಡಿ, ಅದು ಬೆಕ್ಕಿಗೆ ಮಾಡುವ ಉಪಕಾರ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ನಮ್ಮ ಗಾದೆಯಲ್ಲಿದೆ, ಆದರೆ ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ಬಟ್ಟಲಲ್ಲಿ ನೀರಿರಲಿ.

ನಾನು ಅತಿ ಹೆಚ್ಚು ಒತ್ತಿ ಹೇಳಬೇಕಾದದ್ದು ಕಾಯಿಲೆಯ ವಿಷಯ. ನಾಯಿ ನೋವನ್ನು ತೋರಿಸಿಕೊಳ್ಳುತ್ತದೆ, ಕುಂಟುತ್ತದೆ, ನಿಮ್ಮ ಬಳಿ ಬಂದು ನರಳುತ್ತದೆ. ಬೆಕ್ಕು ಅಡಗುತ್ತದೆ. ಅದು ಬೇಟೆಗಾರ ನಿಜ, ತನಗಿಂತ ದೊಡ್ಡ ಪ್ರಾಣಿಗಳಿಗೆ ಬೇಟೆಯೂ ಹೌದು. ದುರ್ಬಲವಾಗಿ ಕಂಡರೆ ಅಪಾಯ ಎಂಬುದು ಅದರ ರಕ್ತದಲ್ಲಿದೆ. ಗಂಡು ಬೆಕ್ಕು ತಟ್ಟೆಯಲ್ಲಿ ಕುಳಿತು ಮುಕ್ಕರಿದರೂ ಮೂತ್ರ ಬಾರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಒಂದೆರಡು ದಿನದಲ್ಲಿ ಪ್ರಾಣಕ್ಕೇ ಕುತ್ತು. ಯಾವುದೇ ಬೆಕ್ಕು, ಅದರಲ್ಲೂ ದಪ್ಪನೆಯದು, ಎರಡು ಮೂರು ದಿನ ಏನೂ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಯಕೃತ್ತು ಸೋಲತೊಡಗುತ್ತದೆ. ಜ್ವರವಿರಬಹುದೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಡಲೇಬೇಡಿ. ಒಂದು ಮಾತ್ರೆಯೂ ಬೆಕ್ಕನ್ನು ಕೊಲ್ಲಬಲ್ಲದು, ಅದನ್ನು ಕರಗಿಸಿ ಹೊರಹಾಕುವ ವ್ಯವಸ್ಥೆ ಬೆಕ್ಕಿನ ಯಕೃತ್ತಿನಲ್ಲಿ ಸಾಲದು. ನಾಯಿಯ ಚಿಗಟ, ಉಣ್ಣೆಗೆ ಹಚ್ಚುವ ಪರ್ಮೆಥ್ರಿನ್ ಔಷಧವೂ ಬೆಕ್ಕಿಗೆ ವಿಷ. ಲಿಲ್ಲಿ ಹೂವಿನ ಪರಾಗ ಮೈಗಂಟಿ ಅದನ್ನು ನೆಕ್ಕಿಕೊಂಡರೂ ಮೂತ್ರಪಿಂಡ ಕೆಡುತ್ತದೆ. ನಾಯಿಯ ವಿಷಯದಲ್ಲಿ ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಸಕ್ಕರೆಯ ಬದಲು ಬಳಸುವ ಜೈಲಿಟಾಲ್ ಇವು ಅಪಾಯಕಾರಿ. ಈರುಳ್ಳಿ, ಬೆಳ್ಳುಳ್ಳಿ ಎರಡಕ್ಕೂ ಸಲ್ಲ.

ಮಗಳ ಸೀನು. ಬೆಕ್ಕಿನ ಒಗ್ಗದಿಕೆ (ಅಲರ್ಜಿ) ನಾಯಿಯ ಒಗ್ಗದಿಕೆಗಿಂತ ಹೆಚ್ಚು ಜನರನ್ನು ಕಾಡುತ್ತದೆ. ಅದಕ್ಕೆ ಮುಖ್ಯ ಕಾರಣ ಬೆಕ್ಕಿನ ಜೊಲ್ಲಿನಲ್ಲಿ, ಚರ್ಮದ ಜಿಡ್ಡಿನಲ್ಲಿ ಇರುವ ಒಂದು ಪ್ರೋಟೀನು. ಮೈ ನೆಕ್ಕಿಕೊಂಡಾಗ ಅದು ರೋಮಕ್ಕೆ ಅಂಟಿ, ಒಣಗಿ, ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ಬೆಕ್ಕು ಮನೆ ಬಿಟ್ಟು ಹೋದ ಮೇಲೂ ಪರದೆ, ಹಾಸಿಗೆಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಒಗ್ಗದಿಕೆ ಉಂಟುಮಾಡದ ತಳಿ ಎಂದು ಮಾರುವವರ ಮಾತು ನಂಬಬೇಡಿ, ಅಂಥ ಬೆಕ್ಕೂ ಇಲ್ಲ, ನಾಯಿಯೂ ಇಲ್ಲ. ಮೊದಲು ಮಗಳನ್ನು ವೈದ್ಯರಿಗೆ ತೋರಿಸಿ ಪರೀಕ್ಷೆ ಮಾಡಿಸಿ. ಜತೆಗೆ ಬೆಕ್ಕಿರುವ ಪರಿಚಯದವರ ಮನೆಯಲ್ಲಿ ಬೇರೆ ಬೇರೆ ದಿನ ಎರಡೆರಡು ಗಂಟೆ ಕಳೆಯಲು ಬಿಡಿ. ಕಣ್ಣು ತುರಿಸಿ, ಎದೆ ಬಿಗಿದು, ಉಬ್ಬಸ ಬಂದರೆ ವಿಚಾರ ಅಲ್ಲಿಗೆ ನಿಲ್ಲಲಿ. ತಂದ ಮೇಲೆ ಮರಳಿಸುವ ನೋವು ಮಗುವಿಗೂ ಬೇಡ, ಬೆಕ್ಕಿಗೂ ಬೇಡ.

ಬಾಲ್ಕನಿಗೂ, ಎಲ್ಲ ಕಿಟಕಿಗಳಿಗೂ ಗಟ್ಟಿ ಬಲೆ ಹಾಕಿಸಿ. ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ಕಾಲಿನ ಮೇಲೆ ನಿಲ್ಲುತ್ತದೆ ಎಂಬ ನಂಬಿಕೆಯಿಂದ ಅನೇಕ ಬೆಕ್ಕುಗಳು ಪ್ರಾಣ ಕಳೆದುಕೊಂಡಿವೆ. ಕಾಲಿನ ಮೇಲೆ ಬೀಳುತ್ತದೆ ನಿಜ. ಆ ಹೊಡೆತಕ್ಕೆ ದವಡೆ ಸೀಳುತ್ತದೆ, ಕಾಲು ಮುರಿಯುತ್ತದೆ, ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ. ಒಂದು ಹಕ್ಕಿ ಹತ್ತಿರ ಹಾರಿದರೆ ಸಾಕು, ಬೆಕ್ಕು ಎತ್ತರ ಮರೆತು ನೆಗೆಯುತ್ತದೆ.

ಯಾವುದನ್ನು ತಂದರೂ ಹುಚ್ಚುನಾಯಿ ರೋಗದ ಲಸಿಕೆ, ಆಯಾ ಪ್ರಾಣಿಯ ಇತರ ಲಸಿಕೆಗಳು, ಜಂತುಹುಳದ ಔಷಧ, ಸಂತಾನಹರಣ ಶಸ್ತ್ರಚಿಕಿತ್ಸೆ ಇವು ಆಗಲೇಬೇಕು. ಹೆಸರಿನಲ್ಲಿ ನಾಯಿ ಇದ್ದರೂ ಆ ರೋಗ ಬೆಕ್ಕಿನಿಂದಲೂ ಬರುತ್ತದೆ. ಲಸಿಕೆಯಾಗದ ಅಥವಾ ಗುರುತಿಲ್ಲದ ಪ್ರಾಣಿ ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ವೈದ್ಯರ ಬಳಿ ಹೋಗಬೇಕು. ಮನೆಯಲ್ಲಿ ಯಾರಾದರೂ ಗರ್ಭಿಣಿಯಾದರೆ ಬೆಕ್ಕಿನ ಮಲದಿಂದ ಹರಡುವ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಸೋಂಕಿನ ಕಾರಣ ತಟ್ಟೆ ಶುಚಿ ಮಾಡುವ ಕೆಲಸ ಬೇರೆಯವರದ್ದಾಗಲಿ. ಬೆಕ್ಕನ್ನು ಹೊರಗೆ ಹಾಕುವ ಅಗತ್ಯವಿಲ್ಲ. ಆ ಪರೋಪಜೀವಿಯ ಮೊಟ್ಟೆಗಳು ಮಲದಲ್ಲಿ ಸೋಂಕು ತಗಲಿಸುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕಾಗುವುದರಿಂದ ದಿನವೂ ತಟ್ಟೆ ತೆಗೆದರೆ ಅಪಾಯ ತೀರ ಕಡಿಮೆ.

ಇನ್ನು ನಿಮ್ಮ ಮಗಳು. ಅವಳು ಕೇಳಿದ್ದು ನಾಯಿಯನ್ನು. ಬೆಕ್ಕನ್ನು ತಂದು ‘ಇದೂ ಹಾಗೆಯೇ’ ಎಂದು ಅವಳಿಗೆ ಹೇಳಬೇಡಿ, ಅದು ಹಾಗಲ್ಲ ಎಂದು ವಾರದೊಳಗೆ ಅವಳಿಗೆ ತಿಳಿಯುತ್ತದೆ. ನಾಯಿಯ ಜತೆ ಏನು ಮಾಡಬೇಕೆಂದಿದ್ದಾಳೆ ಎಂದು ಕೂರಿಸಿ ಕೇಳಿ. ಓಡಬೇಕು, ಚೆಂಡು ಎಸೆಯಬೇಕು ಎಂದರೆ ಬೆಕ್ಕು ಅದನ್ನು ಕೊಡದು, ಆಗ ಕಾಯುವುದೇ ಸರಿ. ನಿಮ್ಮಲ್ಲೊಬ್ಬರ ದಿನಚರಿ ಸಡಿಲವಾಗಿ, ಎರಡು ಹೊತ್ತು ನಡೆಸುವವರು ನಿಶ್ಚಿತವಾದಾಗ, ಮೂರು ನಾಲ್ಕು ವರ್ಷದ ಶಾಂತ ಸ್ವಭಾವದ ನಾಯಿಯೊಂದನ್ನು ಅತ್ತೆಯವರ ಎದುರಿಗೇ ನೋಡಿ ಆರಿಸಿಕೊಳ್ಳಬಹುದು. ಶಾಲೆಯಿಂದ ಬಂದಾಗ ತನ್ನ ಪಕ್ಕ ಒಂದು ಜೀವ ಕುಳಿತಿರಬೇಕು ಎನ್ನುವುದೇ ಅವಳ ಆಸೆಯಾಗಿದ್ದರೆ ಬೆಕ್ಕು ಧಾರಾಳವಾಗಿ ಕೊಡುತ್ತದೆ. ‘ಎಲ್ಲ ನಾನೇ ನೋಡಿಕೊಳ್ಳುತ್ತೇನೆ’ ಎಂಬ ಅವಳ ಭಾಷೆಯ ಮೇಲೆ ಮಾತ್ರ ನಿರ್ಧಾರ ನಿಲ್ಲಬಾರದು. ಮನೆಯೊಳಗೇ ಇರುವ ಬೆಕ್ಕು 15 ವರ್ಷ ದಾಟಿ ಬದುಕುವುದು ಅಪರೂಪವಲ್ಲ. ಆಗ ಅವಳಿಗೆ 24, ಎಲ್ಲಿರುತ್ತಾಳೋ. ಸಾಕುವವರು ನೀವು.

ಮರಿಯ ಬದಲು ಎರಡು ಮೂರು ವರ್ಷದ ಬೆಕ್ಕನ್ನು ಏಕೆ ಹೇಳುತ್ತಿದ್ದೇನೆಂದರೆ, ಅದರ ಸ್ವಭಾವ ಆಗಲೇ ಗೊತ್ತಾಗಿರುತ್ತದೆ. ಬೆಕ್ಕಿನ ಮರಿ ಮನುಷ್ಯರಿಗೆ ಒಗ್ಗಿಕೊಳ್ಳುವ ಮುಖ್ಯ ಕಾಲ ಹುಟ್ಟಿದ ಎರಡನೆಯ ವಾರದಿಂದ ಸುಮಾರು ಏಳನೆಯ ವಾರದವರೆಗೆ ಮಾತ್ರ. ಆ ಕಾಲದಲ್ಲಿ ಯಾರೂ ಮುಟ್ಟಿ ಆಡಿಸದ ಮರಿ ನಿಮ್ಮ ಮನೆಯಲ್ಲಿ ವರ್ಷಗಟ್ಟಲೆ ಹೆದರಿಕೊಂಡೇ ಇದ್ದೀತು. ಮರಿಯೇ ಬೇಕೆಂದಾದರೆ ಒಂದೇ ಸೂಲಿನ ಎರಡನ್ನು ತನ್ನಿ. ನೋಡಲು ಹೋದಾಗ ನೀವು ಆರಿಸುವ ಬದಲು ಮಗಳನ್ನು ನೆಲದ ಮೇಲೆ ಕೂರಿಸಿ, ಯಾವುದು ತಾನಾಗಿ ಬಂದು ಅವಳ ಕೈ ಮೂಸುತ್ತದೆ ನೋಡಿ.

ತಂದ ದಿನ ಇಡೀ ಮನೆ ತೋರಿಸಬೇಡಿ. ಒಂದು ಕೋಣೆ, ಒಂದು ಮೂಲೆಯಲ್ಲಿ ತಟ್ಟೆ, ಇನ್ನೊಂದು ಮೂಲೆಯಲ್ಲಿ ಊಟ ನೀರು, ಮಗ್ಗುಲಿಗೆ ಮಲಗಿಸಿದ ರಟ್ಟಿನ ಪೆಟ್ಟಿಗೆ, ಅಷ್ಟು ಸಾಕು. ಅದು ಪೆಟ್ಟಿಗೆಯೊಳಗೆ ಎರಡು ದಿನ ಕುಳಿತರೂ ಕೈ ಹಾಕಿ ಎಳೆಯಬೇಡಿ; ರಾತ್ರಿ ಊಟ ಖಾಲಿಯಾಗಿದೆಯೇ, ತಟ್ಟೆ ಒದ್ದೆಯಾಗಿದೆಯೇ ಎಂದಷ್ಟೇ ನೋಡಿ. ಮಗಳು ಸಂಜೆ ಆ ಕೋಣೆಯ ನೆಲದಲ್ಲಿ ಕುಳಿತು ತನ್ನ ಪಾಠವನ್ನು ಮೆಲುದನಿಯಲ್ಲಿ ಬಾಯಿಬಿಟ್ಟು ಓದಲಿ, ಬೆಕ್ಕಿನತ್ತ ದಿಟ್ಟಿಸದೆ. ಅದು ಪೆಟ್ಟಿಗೆಯಿಂದ ತಲೆ ಹೊರಹಾಕಿ ಅವಳನ್ನು ನೋಡಿದಾಗ ಅವಳು ಕಣ್ಣನ್ನು ನಿಧಾನವಾಗಿ ಮುಚ್ಚಿ, ನಿಧಾನವಾಗಿ ತೆರೆಯಲಿ. ಮರಳಿ ಅದೂ ಹಾಗೆಯೇ ಮಾಡಿದ ದಿನ ಕೋಣೆಯ ಬಾಗಿಲು ತೆರೆದಿಡಿ.